ಬೋರಲು ಹಾಕಿದ ತಟ್ಟೆ

ಹೋಟೆಲ್ ಕೆಲಸದವನನ್ನು ಮದುವೆಯಾಗುವುದಿಲ್ಲ ಎಂದು ಮಂಜುಶ್ರೀ ಅವ್ವನ ಅಂಗೈ ಮೇಲೆ ಅಂಗೈ ಇಟ್ಟು ಭಾಷೆ ಕೊಟ್ಟಾಗ ಅವಳಿಗೆ ಹದಿಮೂರು ವರ್ಷ. ಮಂಡ್ಯದ ಆಸ್ಪತ್ರೆಯ ವರಾಂಡ. ಒಳಗೆ ಅಪ್ಪ ಪುಟ್ಟಮಾದಯ್ಯ ಹೊಟ್ಟೆಹುಣ್ಣಿನ ನೋವಿಗೆ ಮುದುಡಿ ಮಲಗಿದ್ದ. ಮಳವಳ್ಳಿಯ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಸಪ್ಲೈಯರ್ ಆಗಿದ್ದವನು. ಬಂದವರಿಗೆಲ್ಲ ಬಿಸಿಬಿಸಿ ಬಡಿಸಿ, ತಾನು ಸಂಜೆ ಐದಕ್ಕೆ ನಿಂತುಕೊಂಡೇ ಎರಡು ತುತ್ತು ನುಂಗಿದವನು.

“ಊರೋರ್ಗೆಲ್ಲ ಇಕ್ಕಿ ತಾನು ಉಪಾಸ ಬೀಳೋ ಗಂಡು ನಿಂಗ್ ಬ್ಯಾಡ ಕಣವ್ವ,” ಎಂದಿದ್ದಳು ಅವ್ವ ಮಂಚಮ್ಮ. “ನಾನು ಉಣ್ಣದೆ ಕಾದೂ ಕಾದೂ ಸಾಕಾಗೋಗದೆ. ಭಾಸೆ ಕೊಡು.”

ಮಂಜುಶ್ರೀ ಕೊಟ್ಟಳು. ಹದಿಮೂರರ ಹುಡುಗಿಗೆ ಅದೇನು ಕಷ್ಟದ ಭಾಷೆ? ಅವಳಿಗೆ ಆಗ ಬೇಕಿದ್ದದ್ದು ಗಂಡನಲ್ಲ, ಒಂದು ಸೈಕಲ್ಲು.

ಹದಿನೈದು ವರ್ಷ ಕಳೆದವು. ಅಪ್ಪ ಹುಷಾರಾಗಿ ಮನೆ ಸೇರಿದ. ಮಂಜುಶ್ರೀ ಓದಿ, ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿಗೆ ಸಂಬಂಧಿಸಿದ ಒಂದು ಅಧ್ಯಯನಕ್ಕೆ ಸಹಾಯಕಿಯಾಗಿ ಸೇರಿದಳು. ಒಂದು ಸೋಮವಾರ ಮಧ್ಯಾಹ್ನ, ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಪ್ರಶ್ನೆ ಫಾರಂಗಳ ಕಟ್ಟು ಹಿಡಿದು, ಮದ್ದೂರು ಮತ್ತು ಗೆಜ್ಜಲಗೆರೆ ನಡುವಿನ ‘ಹೊಂಗೆ ನೆರಳು’ ಹೋಟೆಲಿನ ಮುಂದೆ ಸ್ಕೂಟರ್ ನಿಲ್ಲಿಸಿದಳು.

ಆ ಐಡಿ ಕಾರ್ಡನ್ನು ಮೊದಲು ನೋಡಿದವನು ಸಪ್ಲೈಯರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್ ರವಿಚಂದ್ರ. ನೋಡಿದ್ದೇ ತಡ, ಅಡುಗೆಮನೆಗೆ ಓಡಿದ.

“ಇನ್ಸ್‌ಪೆಕ್ಟ್ರು ಬಂದ್ರು ಕಣ್ರಲಾ! ಟೋಪಿ ಹಾಕ್ಕಳಿ! ತಟ್ಟೆ ಅಂಗಾತ ಮಾಡ್ರಿ!”

ಆ ಹೋಟೆಲಿನಲ್ಲೊಂದು ಪದ್ಧತಿಯಿತ್ತು. ಕೆಲಸದ ಹನ್ನೊಂದು ಜನರಿಗೂ ಒಂದೊಂದು ಸ್ಟೀಲ್ ತಟ್ಟೆ. ಪಾತ್ರೆ ಅಂಗಡಿಯಲ್ಲಿ ತಟ್ಟೆಯ ಬೆನ್ನಿಗೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸಿದ್ದರು. ಊಟವಾಗದವರ ತಟ್ಟೆ ಅಡುಗೆಮನೆ ಗೋಡೆಯ ಹಲಗೆ ಮೇಲೆ ಬೋರಲು. ಊಟವಾದವರದು ತೊಳೆದು ಅಂಗಾತ. ಬೋರಲಿದ್ದಾಗ ಮಾತ್ರ ಹೆಸರು ಕಾಣುತ್ತದೆ. ಅಂದರೆ, ಆ ಹಲಗೆಯ ಮೇಲೆ ಓದಲು ಸಿಗುವುದು ಹಸಿದವರ ಹೆಸರು ಮಾತ್ರ.

ಮಂಜುಶ್ರೀ ಒಳಗೆ ಬರುವಷ್ಟರಲ್ಲಿ ಹನ್ನೊಂದೂ ಹೆಸರು ಮಾಯವಾಗಿದ್ದವು.

“ನಾನು ಇನ್ಸ್‌ಪೆಕ್ಟರ್ ಅಲ್ಲ ಕಣ್ರೀ,” ಎಂದಳು ನಗು ತಡೆದುಕೊಂಡು. ಎದುರಿಗಿದ್ದ ರವಿಚಂದ್ರನ ಟೋಪಿ ಹಿಂದುಮುಂದಾಗಿತ್ತು. “ಹೋಟ್ಲಿಗೆ ಬರೋರು ಏನ್ ತಿಂತಾರೆ, ಮುದ್ದೆ ಯಾರು ಕೇಳ್ತಾರೆ, ಯಾವ ಹೊತ್ತಲ್ಲಿ ಕೇಳ್ತಾರೆ ಅಂತ ಬರ್ಕೊಳ್ಳೋಕೆ ಬಂದಿರೋಳು. ಮೂರು ವಾರ ಇರ್ತೀನಿ. ನಿಮ್ಮ ಓನರ್ ಜಯಪ್ರಕಾಶ್ ಅವ್ರು ಒಪ್ಪಿದಾರೆ.”

“ಮೊದ್ಲೇ ಹೇಳ್ಬಾರ್ದಾ ಮೇಡಂ? ಎದೆ ಬಾಯಿಗೆ ಬಂದಿತ್ತು.”

“ಈಗ ಎಲ್ಲಿದೆ?”

ಅವನು ಒಂದು ಕ್ಷಣ ಅವಳನ್ನೇ ನೋಡಿದ. “ಈಗಲೂ ವಾಪಸ್ ಹೋಗಿಲ್ಲ.”

ಫಾರಂನ ಕೊನೇ ಹಾಳೆಯಲ್ಲಿ ಹೋಟೆಲಿನವರ ಊಟದ ಬಗ್ಗೆ ಒಂದು ಪ್ರಶ್ನೆಯಿತ್ತು. ಅವನು ಹಲಗೆಯತ್ತ ಕೈ ತೋರಿಸಿ, “ಎರಡು ಗಂಟೆಗೆಲ್ಲ ಎಲ್ರುದೂ ಊಟ ಆಗೋಗಿರ್ತದೆ, ತಟ್ಟೆ ನೋಡಿ,” ಎಂದ. ಅವಳು ನಂಬಿ ಬರೆದುಕೊಂಡಳು.

ಮೂಲೆಯ ಮೇಜು ಅವಳದಾಯಿತು; ಅಲ್ಲಿಂದ ಹಲಗೆ ಕಾಣುತ್ತಿರಲಿಲ್ಲ. ಗಿರಾಕಿ ಗಾಡಿ ಇಳಿಯುವಾಗಲೇ ಅವನು ನೀರಿನ ಜಗ್ಗು ಹಿಡಿದು ಪಕ್ಕಕ್ಕೆ ಬಂದು ಪಿಸುಗುಡುವನು.

“ಆ ಕೆಂಪು ಕಾರು? ವಡೆ, ಬೈಟು ಕಾಫಿ, ಆಮೇಲೆ ಸೆಲ್ಫಿ.”

“ಆ ಬೈಕು?”

“ಫ್ಯಾಕ್ಟ್ರಿ ಶಿಫ್ಟು. ಎರಡು ಮುದ್ದೆ, ಉಪ್ಸಾರು, ಖಾರ ಜಾಸ್ತಿ. ಮಾತು ಕಮ್ಮಿ.”

ಹತ್ತಕ್ಕೆ ಒಂಬತ್ತು ಸಲ ಹಾಗೇ ಆಗುತ್ತಿತ್ತು. ಅವಳು ಹುಬ್ಬು ಹಾರಿಸುವಳು. ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗತ್ತಿನಿಂದ ಆರ್ಡರ್ ಬರೆಯುವನು. ಅವನ ಅಂಗಿತೋಳಿನ ಮಡಿಕೆಯ ಅರಿಶಿನದ ಕಲೆ ದಿನಕ್ಕೊಂದು ಆಕಾರ. ಅದನ್ನು ತಾನು ಗಮನಿಸುತ್ತಿದ್ದೇನೆ ಎಂಬುದನ್ನು ಮಂಜುಶ್ರೀ ನಾಲ್ಕನೇ ದಿನ ಗಮನಿಸಿದಳು.

“ಎಲ್ಲರದೂ ಹೇಳ್ತೀರಲ್ಲ, ನಂದು ಹೇಳಿ ನೋಡೋಣ.”

“ನೀವಾ? ಊರಿಗೆಲ್ಲ ಮುದ್ದೆ ತಿನ್ನಿ ಅಂತ ಹೇಳಿ, ಬ್ಯಾಗಲ್ಲಿ ಮೊಸರನ್ನ ಇಟ್ಕೊಂಡಿರೋರು.”

ಬ್ಯಾಗಿನಲ್ಲಿ ನಿಜವಾಗಿಯೂ ಮೊಸರನ್ನವಿತ್ತು. ಅವಳ ಕೆನ್ನೆ ಬಿಸಿಯಾಯಿತು. ಮರುದಿನದಿಂದ ಒಂದೂಕಾಲಿಗೆ ಸರಿಯಾಗಿ, ಅವಳು ಕೇಳದೆಯೇ, ಅವಳ ಮುಂದೆ ಒಂದು ಪುಟ್ಟ ಮುದ್ದೆ ಬರತೊಡಗಿತು. ಅಡುಗೆಯವರು ಅಷ್ಟು ಚಿಕ್ಕ ಮುದ್ದೆ ಕಟ್ಟಿದ್ದು ಅದೇ ಮೊದಲಂತೆ.

ಎಂಟನೇ ದಿನ ಅವಳ ಸ್ಕೂಟರ್ ಪಂಕ್ಚರ್ ಆಯಿತು. ಪಂಕ್ಚರ್ ಹಾಕುವವನಿಗೆ ಕಾಯುತ್ತ, ಕೈ ತೊಳೆಯಲೆಂದು ಅಡುಗೆಮನೆಗೆ ಹೋದಳು. ಗಡಿಯಾರ ನಾಲ್ಕೂಕಾಲು. ಹಲಗೆಯ ಮೇಲೆ ಹನ್ನೊಂದು ತಟ್ಟೆ ಬೋರಲಾಗಿದ್ದವು. ಹನ್ನೊಂದು ಹೆಸರು.

ಪಾತ್ರೆ ತೊಳೆಯುತ್ತಿದ್ದ ಚಿಕ್ಕಬೋರಮ್ಮ ನಕ್ಕಳು. “ಇನ್ನೂ ಉಣ್ಣದೆಲ್ಲಿ ಬಂತು ಕಣವ್ವ? ಗಿರಾಕಿ ನಿಂತ್ರೆ ತಾನೆ? ನಾಕೂವರೆ, ಐದು ಆಯ್ತದೆ. ಮುದ್ದೆ ಉಳುದ್ರೆ ಮುದ್ದೆ, ಚಿತ್ರಾನ್ನ ಉಳುದ್ರೆ ಚಿತ್ರಾನ್ನ. ಅದೂ ನಿಂತ್ಕಂಡು. ನಮ್ ಕ್ಯಾಪ್ಟನ್ನು ಎಲ್ರ ತಟ್ಟೆ ಎದ್ದ ಮ್ಯಾಲೇ ತನ್ ತಟ್ಟೆ ಎತ್ತಾದು. ಎಷ್ಟೋ ದಿನ ಎತ್ತೋದೇ ಇಲ್ಲ.”

‘ರವಿಚಂದ್ರ’ ಎಂದು ಕೊರೆದಿದ್ದ ತಟ್ಟೆಯನ್ನು ಅವಳು ನೋಡುತ್ತ ನಿಂತಳು. ಆ ಚುಕ್ಕಿಗಳ ಹಿಂದೆ ಆಸ್ಪತ್ರೆಯ ವರಾಂಡ ಕಂಡಿತು.

“ನನ್ ಫಾರಂ ಮೇಲೆ ಸುಳ್ಳು ಬರೆಸಿದ್ರಲ್ರೀ!” ಹೊಂಗೆಮರದ ಕೆಳಗೆ ಅವನನ್ನು ತರಾಟೆಗೆ ತೆಗೆದುಕೊಂಡಳು.

“ಅವತ್ತು ಇನ್ಸ್‌ಪೆಕ್ಟ್ರು ಅಂದ್ಕೊಂಡಿದ್ದೆ ಮೇಡಂ.”

“ಆಮೇಲೆ ಗೊತ್ತಾಯ್ತಲ್ಲ?”

“ಆಮೇಲೆ ನಾಚಿಕೆ ಆಯ್ತು.”

“ಹಿಂಗೇ ಮಾಡಿ ನಮ್ಮಪ್ಪ ಆಸ್ಪತ್ರೆ ಸೇರಿದ್ದು! ಅದಕ್ಕೇ ನಾನು ನಮ್ಮವ್ವಂಗೆ ಭಾಷೆ ಕೊಟ್ಟಿರೋದು, ಹೋಟ್ಲಿನೋನನ್ನ ಮದುವೆ ಆಗಲ್ಲ ಅಂತ!”

ರವಿಚಂದ್ರ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟ. ಆಮೇಲೆ ಮೆಲ್ಲಗೆ, “ಅದನ್ಯಾಕೆ ನನಗೆ ಹೇಳ್ತಿದೀರಿ?” ಎಂದ.

ಅವಳು ದಾಪುಗಾಲಲ್ಲಿ ಹೋಗಿ ಸ್ಕೂಟರ್ ಏರಿದಳು. ಹತ್ತು ಅಡಿ ಹೋಗುವಷ್ಟರಲ್ಲಿ ಟಯರ್ ಇನ್ನೂ ಪಂಕ್ಚರ್ರೇ ಎಂದು ನೆನಪಾಯಿತು. ಇಳಿದು ತಳ್ಳಿಕೊಂಡು ವಾಪಸ್ ಬರಬೇಕಾಯಿತು. ಅವನು ನಗಲಿಲ್ಲ. ನಗದಿರಲು ಎಷ್ಟು ಕಷ್ಟಪಡುತ್ತಿದ್ದನೆಂಬುದು ಮಾತ್ರ ಕಾಣುತ್ತಿತ್ತು.

ಆಮೇಲೆ ಅವಳು ಕಾಗದದಿಂದ ಕಣ್ಣೆತ್ತಲಿಲ್ಲ. ಅವನು ಗಿರಾಕಿಗಳನ್ನು ಊಹಿಸಲಿಲ್ಲ. ಪುಟ್ಟ ಮುದ್ದೆ ಮಾತ್ರ ಒಂದೂಕಾಲಿಗೆ ಬರುತ್ತಲೇ ಇತ್ತು.

ಮೂರನೇ ವಾರದ ಗುರುವಾರ ಅವನು ಜಗ್ಗು ಕೆಳಗಿಟ್ಟ.

“ಗೆಜ್ಜಲಗೆರೆ ಫ್ಯಾಕ್ಟ್ರಿಲಿ ಸ್ಟೋರ್ ಕೀಪರ್ ಕೆಲಸ ಐತೆ. ಸೋಮವಾರ ಬಾ ಅಂದವ್ರೆ. ನಾನು ಹೋಟ್ಲು ಬುಟ್ರೆ ನಿಮ್ ಭಾಷೆ ಉಳೀತದೆ.” ಅಷ್ಟು ಹೇಳಿ, ಒರೆಸಿದ ಮೇಜನ್ನೇ ಮತ್ತೆ ಒರೆಸಿದ. “ನಿಮಗೆ ಬೇಕು ಅನ್ನಿಸಿದ್ರೆ.”

ಎಷ್ಟು ದಿನದಿಂದ ಕಾಯುತ್ತಿದ್ದ ಮಾತು! ಹೂಂ ಎಂದರೆ ಮುಗಿಯಿತು. ಅವ್ವನ ಮಾತೂ ಉಳಿಯುತ್ತದೆ, ಇವನೂ ಸಿಗುತ್ತಾನೆ. ಅವಳು ಹೂಂ ಎನ್ನಲು ಬಾಯಿ ತೆರೆದಳು. ಕಣ್ಣು ಹಲಗೆಯಿದ್ದ ಅಡುಗೆಮನೆಯ ಕಡೆ ಹೋಯಿತು.

“ನೀವು ಹೋದ್ರೆ ಆ ಹತ್ತು ತಟ್ಟೆ ಯಾರು ನೋಡ್ಕೊಳ್ತಾರೆ? ನನ್ ಭಾಷೆ ಉಳಿಸೋಕೆ ಚಿಕ್ಕಬೋರಮ್ಮ ಇನ್ನೂ ತಡವಾಗಿ ಉಣ್ಬೇಕಾ?”

“ಮತ್ತೆ ನೀವು?”

“ನಂದು ಆಮೇಲೆ. ಮೊದ್ಲು ಇದನ್ನ ನೋಡಿ.” ಫಾರಂಗಳನ್ನು ಅವನ ಮುಂದೆ ಹರಡಿದಳು. ಒಂದು ಸಾಲಿನ ಮೇಲೆ ಬೆರಳಿಟ್ಟಳು. “ಮೂರರಿಂದ ನಾಲ್ಕರ ಮಧ್ಯೆ ಬಂದೋರೆಲ್ಲ ಕೇಳಿರೋದು ವಡೆ, ಕಾಫಿ. ಊಟ ಕೇಳೋರು ದಿನಕ್ಕೆ ಮೂರೋ ನಾಲ್ಕೋ ಜನ. ಅಷ್ಟು ಜನಕ್ಕೆ ಹನ್ನೊಂದು ಜನ ನಿಂತಿರ್ತೀರಲ್ಲ, ಯಾಕೆ?”

ಇಬ್ಬರೂ ಓನರ್ ಬಳಿ ಹೋದರು. ಜಯಪ್ರಕಾಶ್ ಕನ್ನಡಕ ಏರಿಸಿ, ಇಳಿಸಿ ನೋಡಿದ. “ಊಟ ನಿಲ್ಸಿದ್ರೆ ಗಿರಾಕಿ ಬೇರೆ ಹೋಟ್ಲಿಗೆ ಹೋಗಲ್ವೇನಮ್ಮ?”

“ಹೋಗೋದಾದ್ರೆ ಆ ಮೂರು ಜನ. ಅದ್ರಲ್ಲೊಬ್ರು ದಿನಾ ಸಾರಿಗೆ ಉಪ್ಪು ಕಮ್ಮಿ ಅಂತ ಬೈಯೋರು.”

“ಅವ್ನು ಹೋಗ್ಲಿ ಬುಡಮ್ಮ,” ಎಂದುಬಿಟ್ಟ ಜಯಪ್ರಕಾಶ್. “ಒಂದು ವಾರ ನೋಡಾಣ.”

ಮರುದಿನ ಬಾಗಿಲಲ್ಲಿ ಒಂದು ಬೋರ್ಡು ಬಿತ್ತು: ‘ಮೂರರಿಂದ ನಾಲ್ಕು ಕಾಫಿ, ವಡೆ ಮಾತ್ರ. ನಮ್ಮವರು ಊಟಕ್ಕೆ ಕೂತಿದ್ದಾರೆ.’ ಗಿರಾಕಿಗಳು ಓದಿ, ಒಳಗೊಮ್ಮೆ ಇಣುಕಿ, “ಉಣ್ಲಿ ಬುಡಿ,” ಎಂದು ಕಾಫಿ ಹೇಳಿದರು. ಸರದಿ ಮೇಲೆ ಇಬ್ಬರು ಮೂರೂವರೆವರೆಗೆ ಕಾಫಿಗೆ ನಿಂತರೆ, ಒಂಬತ್ತು ಜನ ಉದ್ದ ಮೇಜಿಗೆ ಕೂತು ಉಣ್ಣತೊಡಗಿದರು. ಚಿಕ್ಕಬೋರಮ್ಮ ಮೊದಲ ದಿನ ಕುರ್ಚಿಯ ತುದಿಯಲ್ಲೇ ಕೂತಿದ್ದಳು. ಮೂರನೇ ದಿನಕ್ಕೆ ಕಾಲು ಮಡಿಚಿಕೊಂಡು ಕೂತು, ಉಪ್ಪಿನಕಾಯಿ ಎಲ್ಲಿ ಎಂದು ಜೋರು ಮಾಡಿದಳು. ಫ್ಯಾಕ್ಟರಿ ಕೆಲಸಕ್ಕೆ ರವಿಚಂದ್ರ ಹೋಗಲಿಲ್ಲ.

ಮನೆಯಲ್ಲಿ ಮಂಜುಶ್ರೀ ಎಲ್ಲವನ್ನೂ ಹೇಳಿದಳು. ಮಂಚಮ್ಮ ಮಾತಾಡಲಿಲ್ಲ, ಪಾತ್ರೆಗಳು ಮಾತಾಡಿದವು. ಮೂರು ದಿನದ ಮೇಲೆ, “ನಾನೇ ಕಣ್ಣಾರೆ ನೋಡ್ಬೇಕು,” ಎಂದು ಬಸ್ಸು ಹತ್ತಿದಳು.

ತಾಯಿ ಮಗಳು ಹೋಟೆಲಿಗೆ ಬರುವಾಗ ಮೂರೂಮುಕ್ಕಾಲು. ರವಿಚಂದ್ರ ಓಡಿ ಬಂದ. “ಬನ್ನಿ ಅವ್ವ, ಕೂತ್ಕಳಿ. ನಿಮಗೊಂದ್ ಬಿಸಿ ಮುದ್ದೆ ಕಟ್ಟಿಸ್ಲಾ?”

ಮಂಚಮ್ಮನ ಕಣ್ಣು ಅವನನ್ನು ದಾಟಿ, ತೆರೆದ ಅಡುಗೆಮನೆ ಬಾಗಿಲಾಚೆಯ ಹಲಗೆಗೆ ಹೋಗಿತ್ತು. ಅಲ್ಲೊಂದು ತಟ್ಟೆ ಬೋರಲಿತ್ತು. “ಅದ್ಯಾರ್ದು?”

“ನಂದು ಅವ್ವ. ಇವತ್ತು ಕಾಫಿ ಸರದಿ ನಂದು. ಮೂರೂವರೆಗೆ ಕೂತ್ಕಬೇಕಿತ್ತು, ಗಿರಾಕಿ ಬಂದ್ರು, ಅಂಗೇ...”

“ನೋಡ್ದಾ?” ಮಂಚಮ್ಮ ಮಗಳತ್ತ ತಿರುಗಿದಳು. “ಅದೇ ಮಾತು. ನಿಮ್ಮಪ್ಪನೂ ಇದ್ನೇ ಹೇಳ್ತಿದ್ದ.”

ಮಂಜುಶ್ರೀ ವಾದಕ್ಕೆ ನಿಲ್ಲಲಿಲ್ಲ. ನೇರ ಹೋಗಿ ಆ ತಟ್ಟೆಯನ್ನು ಅಂಗಾತ ಮಾಡಿದಳು, ಮುದ್ದೆ ಇಟ್ಟಳು, ಉಪ್ಸಾರು ಬಿಟ್ಟಳು. ಅವನ ತೋಳು ಹಿಡಿದು ಕುರ್ಚಿಗೆ ಕೂರಿಸಿದಳು.

“ಗಿರಾಕಿ...” ಎಂದ ಅವನು.

“ಗಿರಾಕಿ ಕಾಯ್ತಾರೆ. ಉಣ್ರಿ.” ಅವ್ವನಿಗೆ ಹೇಳಿದಳು: “ನೀನು ಮನೇಲಿ ಕೂತು ಕಾದೆ ಅವ್ವ. ನಾನು ಕಾಯಾಕಿಲ್ಲ. ಬಂದು ಎಳ್ಕಂಡು ಕೂರಿಸ್ತೀನಿ.”

“ಕ್ಯಾಪ್ಟನ್ನು ಇವತ್ತು ಸಿಕ್ಕಾಕ್ಕಂಡ್ರು!” ಎಂದಳು ಚಿಕ್ಕಬೋರಮ್ಮ. ಮೇಜಿನ ಉದ್ದಕ್ಕೂ ನಗು ಹರಿಯಿತು. ರವಿಚಂದ್ರ ಕಿವಿಯವರೆಗೂ ಕೆಂಪಾಗಿ, ತಲೆ ಬಗ್ಗಿಸಿ ಮುದ್ದೆ ಮುರಿದ.

ಮಂಚಮ್ಮ ಎದುರು ಕೂತು, ಅವನು ಕೊನೆಯ ತುತ್ತು ನುಂಗುವವರೆಗೂ ನೋಡಿದಳು.

“ಭಾಸೆ ಭಾಸೆನೇ ಕಣವ್ವ,” ಎಂದಳು ಆಮೇಲೆ. “ನಾನಾಗಿ ಬುಟ್ಟುಕೊಡಾಕಿಲ್ಲ. ಮುರಿಯೋದಾದ್ರೆ ನೀನೇ ಮುರಿ.”

“ಮುರಿದ್ರೆ ಕೋಪ ಮಾಡ್ಕತೀಯಾ?”

“ಎಲ್ಡು ದಿನ ಮಾಡ್ಕತೀನಿ. ಮೂರ್ನೇ ದಿನ ಚಪ್ಪರದೋನ್ಗೆ ಹೇಳ್ಕಳಿಸ್ತೀನಿ.”

ಈಗ ಆ ಹಲಗೆಯ ಮೇಲೆ ಹನ್ನೆರಡು ತಟ್ಟೆಗಳಿವೆ. ಹನ್ನೆರಡನೆಯದರ ಬೆನ್ನಿಗೆ ‘ಮಂಜುಶ್ರೀ’ ಎಂದು ಕೊರೆಸಿದವನು ರವಿಚಂದ್ರ. ಶನಿವಾರ ಸಂಶೋಧನಾ ಕೇಂದ್ರದ ಕೆಲಸ ಮುಗಿಸಿ ಅವಳು ಬರುತ್ತಾಳೆ; ಎರಡು ತಟ್ಟೆಗಳು ಒಟ್ಟಿಗೆ ಅಂಗಾತವಾಗುತ್ತವೆ.

ಮಂಚಮ್ಮ ಎರಡು ದಿನ ಕೋಪ ಮಾಡಿಕೊಂಡಿದ್ದಳು. ಅವ್ವನಿಗೆ ಕೊಟ್ಟ ಭಾಷೆಯನ್ನು ಮಂಜುಶ್ರೀ ಮುರಿದಳು.