ಬಾಣಲೆಯ ಮಳೆ

ಮಳೆ ಬಂತೆಂದು ಅವಳು ಬಾಲ್ಕನಿಗೆ ಓಡಿದ್ದು ಆ ವಾರದಲ್ಲಿ ಅದು ಎರಡನೇ ಸಲ. ತಂತಿಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಎದೆಗವಚಿಕೊಂಡು ತಲೆಯೆತ್ತಿದರೆ ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಕೆಳಗೆ ಬೀದಿಯಲ್ಲಿ ಜನ ಸಂಜೆಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆಯುತ್ತಿದ್ದರು. ಮಳೆ ಮಾತ್ರ ಸುರಿಯುತ್ತಲೇ ಇತ್ತು. ಮೊದಲು ನಾಲ್ಕು ದಪ್ಪ ಹನಿ, ಆಮೇಲೆ ಧೋ ಎಂದು ಜೋರು, ನಡುವೆ ಗಾಳಿ ಬೀಸಿದಂತೆ ಒಂದಿಷ್ಟು ಏರಿಳಿತ. ಒಳಗೆ ಬಂದು ಅಡುಗೆಮನೆಯ ಗೋಡೆಗೆ ಕಿವಿಯಿಟ್ಟಳು. ಮಳೆ ಬರುತ್ತಿದ್ದದ್ದು ಪಕ್ಕದ ಮನೆಯಿಂದ.

ಬೇರೆ ಯಾರಿಗಾದರೂ ಈ ಮೋಸ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಅವಳ ಹೊಟ್ಟೆಪಾಡೇ ಕಿವಿ. ರೇಡಿಯೊ ನಾಟಕಗಳಿಗೆ ಸದ್ದು ಮಾಡಿಕೊಡುವುದು ಅವಳ ಕೆಲಸ. ಹಕ್ಕಿ ಹಾರಬೇಕಾದರೆ ಒಂದು ಜೊತೆ ಚರ್ಮದ ಕೈಗವಸು, ಬೆಂಕಿ ಹೊತ್ತಿ ಉರಿಯಬೇಕಾದರೆ ಬಿಸ್ಕತ್ತಿನ ಪೊಟ್ಟಣದ ಕಾಗದ, ಹೀಗೆ ಎಲ್ಲವೂ ಅವಳ ಚೀಲದಲ್ಲಿ ಇರುತ್ತಿದ್ದವು. ರೆಕಾರ್ಡಿಂಗ್ ನಡೆಯುವಾಗ ಯಾರಾದರೂ ಜೋರಾಗಿ ಉಸಿರುಬಿಟ್ಟರೂ ತುಟಿಯ ಮೇಲೆ ಬೆರಳಿಡುತ್ತಾಳೆಂದು ಸ್ಟುಡಿಯೊದವರು 'ಶ್ ಮೇಡಂ' ಎಂದು ಹೆಸರಿಟ್ಟಿದ್ದರು. ಅಂಥವಳು ಯಾರದೋ ಮನೆಯ ಬಾಣಲೆಯ ಸದ್ದಿಗೆ ಬಟ್ಟೆ ಎತ್ತಿದಳೆಂದರೆ ಮಾನ ಉಳಿಯುವುದುಂಟೇ? ಅರ್ಧ ಒಣಗಿದ ಬಟ್ಟೆಯ ಸಮೇತ ಹೋಗಿ ಬೆಲ್ ಒತ್ತಿದಳು.

ಬಾಗಿಲು ತೆರೆದವನ ಕೈಯಲ್ಲಿ ಸೌಟಿತ್ತು, ಮೂಗಿನ ತುದಿಯಲ್ಲಿ ಬೆವರಿತ್ತು. ಅವಳ ತೋಳಿನಲ್ಲಿದ್ದ ಬಟ್ಟೆಯ ಹೊರೆ ನೋಡಿ ಬಹಳ ವಿನಯದಿಂದ, "ಇಸ್ತ್ರಿ ಅಂಗಡಿ ಕೆಳಗಡೆ ಇದೆ," ಎಂದ.

"ನಿಮ್ಮನೇಲಿ ಮಳೆ ಬರ್ತಿದೆ," ಎಂದಳು ಅವಳು.

ಅವನು ಒಮ್ಮೆ ತಾರಸಿ ನೋಡಿದ. ಇನ್ನೊಮ್ಮೆ ಬಟ್ಟೆ ನೋಡಿದ. ಆಮೇಲೆ ಅವಳನ್ನು ನೋಡಿದ, ಆ ನೋಟ ಮೊದಲಿನ ಎರಡಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ಏನೋ ಹೇಳಲು ಬಾಯಿ ತೆರೆದವನು, ಬೀನ್ಸ್ ಮೆತ್ತಗಾಗಿಬಿಡುತ್ತೆ ಎಂದು ಒಳಗೆ ಓಡಿದ. ಕರೆಯದಿದ್ದರೂ ಅವಳು ಹಿಂದೆಯೇ ಹೋದಳು. ಆ ಸದ್ದು ಅವಳನ್ನು ಕಿವಿ ಹಿಡಿದು ಎಳೆದಿತ್ತು.

ಅವನದು ಹಲ್ಲಿನ ಕೆಲಸ. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಳತೆಗೆ ಹಲ್ಲಿನ ಸೆಟ್ ಮಾಡಿಕೊಡುವವನು. ಇಡೀ ದಿನ ಲ್ಯಾಬಿನಲ್ಲಿ ಕೂತು ಕಚ್ಚಲಾರದವರಿಗಾಗಿ ಹಲ್ಲು ಉಜ್ಜಿ ನಯ ಮಾಡುವವನಿಗೆ, ಸಂಜೆ ಮನೆಗೆ ಬಂದರೆ ಬಾಯಲ್ಲಿ ಕರುಂ ಎನ್ನುವಂಥದ್ದು ಏನಾದರೂ ಬೇಕು. ಹಡಗಿನಲ್ಲಿ ಅಡುಗೆಗಿದ್ದು ಪೂರ್ವದ ಬಂದರುಗಳನ್ನೆಲ್ಲ ಸುತ್ತಿದ್ದ ಸೋದರಮಾವ ಕಲಿಸಿದ ಅಡುಗೆಯಂತೆ ಇದು. ಮಾವನ ಕಾಲದ್ದೇ ಕಬ್ಬಿಣದ ಬಾಣಲೆ, ಕರ್ರಗೆ ಮಿಂಚುತ್ತಿತ್ತು. ಪಕ್ಕದಲ್ಲಿ ಬಟ್ಟಲುಗಳ ಸಾಲು: ಓರೆಯಾಗಿ ಹೆಚ್ಚಿದ ಬೀನ್ಸ್ ಮತ್ತು ಕ್ಯಾರೆಟ್ ಇದ್ದ ಮೊದಲೆರಡು ಬಟ್ಟಲು ಆಗಲೇ ಖಾಲಿ, ಉಳಿದವುಗಳಲ್ಲಿ ಅಣಬೆ, ಕ್ಯಾಪ್ಸಿಕಂ, ಕೋಸು, ಕೊನೆಗೆ ಈರುಳ್ಳಿ ಸೊಪ್ಪು.

"ಒಲೆ ಹಚ್ಚೋಕೆ ಮುಂಚೆ ಎಲ್ಲ ಕೈಗೆಟಕೋ ಹಾಗೆ ಇರಬೇಕು," ಎಂದ, ಸೌಟಾಡಿಸುತ್ತಲೇ. "ಯೋಚನೆ ಮಾಡೋದೆಲ್ಲ ಚಾಕು ಹಿಡಿದಾಗ್ಲೇ ಮಾಡ್ಕೋಬೇಕು ಅಂತಿದ್ರು ನಮ್ಮ ಮಾವ. ಹಚ್ಚಿದ ಮೇಲೆ ಯೋಚನೆಗೆ ಟೈಮಿಲ್ಲ."

ಉಳಿದ ಬಟ್ಟಲುಗಳೂ ಒಂದೊಂದಾಗಿ ಖಾಲಿಯಾದ ಮೇಲೆ ಬಾಣಲೆಯ ಅಂಚಿನಿಂದ ಸೋಯಾ ಸಾಸ್ ಇಳಿಬಿಟ್ಟ. ಛಸ್ ಎಂದು ಒಂದು ಕೊನೆಯ ಅಬ್ಬರವೆದ್ದಿತು. ಒಲೆ ಆರಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲಲ್ಲಿ ಚಿಟಪಟ ಉಳಿಯಿತು, ಮಳೆ ನಿಂತ ಮೇಲೆ ಸೂರಿನಿಂದ ತೊಟ್ಟಿಕ್ಕಿದ ಹಾಗೆ. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ತೆರೆದಾಗ ಅವನು ತಟ್ಟೆ ಹಿಡಿದು ಅವಳನ್ನೇ ನೋಡುತ್ತಿದ್ದ. ಬಟ್ಟೆಯನ್ನು ಅಲ್ಲೇ ಕುರ್ಚಿಯ ಮೇಲೆ ಹಾಕಿ, ಶುಂಠಿ ಬೆಳ್ಳುಳ್ಳಿ ಘಮಗುಡುವ ಆ ತರಕಾರಿಯನ್ನು ಅನ್ನದ ಜೊತೆ ತಿಂದು ಬಂದಳು. ಬೀನ್ಸ್ ಬೆಂದಿತ್ತು, ಆದರೂ ಕಚ್ಚಿದರೆ ಕರುಂ ಎನ್ನುತ್ತಿತ್ತು. ಆವತ್ತಿನಿಂದ ಗೋಡೆಯಾಚೆ ಪ್ರತಿ ಸಂಜೆ ಮಳೆ ಬರತೊಡಗಿತು. ಅದು ಯಾಕೆ ಹಾಗೆ ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಬೇರೆ. ಹೊಸ ನಾಟಕದ ಕೊನೆಯ ದೃಶ್ಯದಲ್ಲಿ ಮಳೆ ಸುರಿಯಬೇಕಿತ್ತು. ಕಂಪ್ಯೂಟರಿನಲ್ಲಿ ಸಿಗುವ ರೆಡಿಮೇಡ್ ಮಳೆಯೆಂದರೆ ಅವಳ ನಿರ್ದೇಶಕರಿಗೆ ಮೈ ಉರಿ. ನಿಜವಾದ ಮಳೆಯೋ, ಬಂದರೂ ಮೈಕಿನಲ್ಲಿ ಕೆಟ್ಟ ರೇಡಿಯೊ ಕೊರೆದಂತೆ ಕೇಳಿಸುತ್ತದೆ, ಮೇಲಾಗಿ ಆ ವರ್ಷ ಅದರ ಸುಳಿವೇ ಇರಲಿಲ್ಲ. ಅವಳು ಮೈಕು, ಹೆಡ್‌ಫೋನು ಹೊತ್ತು ಮತ್ತೆ ಪಕ್ಕದ ಮನೆಯ ಬೆಲ್ ಒತ್ತಿದಳು. ಷರತ್ತು ಒಂದೇ, ಒಲೆ ಹಚ್ಚಿದ ಮೇಲೆ ಯಾರೂ ತುಟಿಪಿಟಕ್ಕೆನ್ನಬಾರದು. ಅವನು ಒಪ್ಪಿ, ಆಗಿನಿಂದಲೇ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದ.

ಮೊದಲ ಸಂಜೆ ಫ್ರಿಜ್ಜು ಗೊಂಯ್ ಎಂದು ಹಾಳು ಮಾಡಿತು. ಮರುದಿನ ಬೀದಿಯಲ್ಲಿ ಲಾರಿ. ಇನ್ನೊಂದು ದಿನ ಅವನೇ ಸೀನಿದ. ಸೀನಿ, ಕೊಲೆ ಮಾಡಿದವನಂತೆ ಎರಡೂ ಕೈ ಮೇಲೆತ್ತಿ ನಿಂತ. ಅವಳು ನಗು ತಡೆಯಲಾರದೆ ಹೆಡ್‌ಫೋನ್ ಕಳಚಿಟ್ಟಳು. ಹಾಗೆ ದಿನಕ್ಕೊಂದು ಟೇಕ್ ಕೆಡುತ್ತ ಹೋಯಿತು, ಕೆಟ್ಟ ಟೇಕನ್ನು ಇಬ್ಬರೂ ಕೂತು ತಿನ್ನುವುದಾಯಿತು. ನಿಜ ಹೇಳಬೇಕೆಂದರೆ, ಅದರಲ್ಲಿ ಒಂದೆರಡು ಟೇಕು ಏನೂ ಕೆಟ್ಟಿರಲಿಲ್ಲ. ಸಾಲದು ಎಂದವಳು ಅವಳೇ.

ಮಾತಾಡಬಾರದೆಂದಾಗ ಕಣ್ಣಿಗೆ ಕೆಲಸ ಹೆಚ್ಚು. ಕೋಸು ಹಾಕಲೇ ಎಂದು ಅವನು ಹುಬ್ಬು ಎತ್ತುವನು, ಇರಿ ಎಂದು ಅವಳು ರೆಪ್ಪೆ ಇಳಿಸುವಳು. ಮಳೆ ಜೋರಾಗಲಿ ಎಂದರೆ ಅವಳ ಬೆರಳು ಮೇಲೇಳುವುದು, ಅವನ ಕೈ ಅದರ ಜೊತೆಗೇ ಏಳುವುದು. ಹನಿ ಸಾಕು ಎಂದರೆ ಅವಳು ಅಂಗೈ ಕೆಳಗಿಳಿಸುವಳು, ಅವನು ಉರಿ ಇಳಿಸುವನು. ಒಮ್ಮೆ ಅವಳ ಮುಂಗುರುಳು ಹೆಡ್‌ಫೋನಿಗೆ ಸಿಕ್ಕಿಕೊಂಡಿತು. ಅವನು ಸೌಟಿಲ್ಲದ ಕೈ ಮುಂದೆ ಚಾಚಿ, ಅರ್ಧದಲ್ಲಿ ನಿಲ್ಲಿಸಿ, ತನ್ನದೇ ಕಿವಿಯನ್ನು ಮುಟ್ಟಿ ತೋರಿಸಿದ. ಅವಳು ಕೂದಲು ಬಿಡಿಸಿಕೊಂಡಳು. ಆ ರಾತ್ರಿ ಮಲಗುವಾಗ, ಬಿಡಿಸಿಕೊಳ್ಳದೆ ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನು ತಾನೇ ಬೈದುಕೊಂಡಳು.

ಅಕ್ಕನಿಗೆ ಫೋನಿನಲ್ಲಿ ಎಲ್ಲ ವರದಿ ಹೋಗುತ್ತಿತ್ತು. ಅಕ್ಕ ಅವನಿಗೆ ಆಗಲೇ 'ಹಲ್ಲಿನವನು' ಎಂದು ನಾಮಕರಣ ಮಾಡಿದ್ದಳು. ಹಲ್ಲಿನವನು ಇವತ್ತೇನಂದ ಎಂದು ಕೇಳಿದರೆ ಏನೂ ಅನ್ನಲಿಲ್ಲ, ಮಾತಾಡೋ ಹಾಗಿಲ್ಲವಲ್ಲ ಎಂದು ಇವಳು. ಊರಿನ ಸದ್ದನ್ನೆಲ್ಲ ಮಾಡಬಲ್ಲವಳಿಗೆ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗಲೂ ಅಷ್ಟೆ. ಖಾಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು. ಅಮ್ಮಾ, ಇವಳಿಗೆ ಇನ್ನೊಂಚೂರು ಬಡಿಸು ಎಂದು ಅಕ್ಕನೇ ಕೂಗಬೇಕಿತ್ತು.

ಒಂದು ಸಂಜೆ ಕ್ಯಾರೆಟ್ ಹೆಚ್ಚುತ್ತ ಅವನು ಸುದ್ದಿ ಹೇಳಿದ. ದೂರದ ಊರಿನಲ್ಲಿ ದೊಡ್ಡ ಲ್ಯಾಬ್, ಅಲ್ಲಿ ಅವನೇ ಮುಖ್ಯಸ್ಥನಂತೆ. ನಾಳೆ ಬೆಳಿಗ್ಗೆ ಹೂಂ ಅಥವಾ ಊಹೂಂ ಹೇಳಬೇಕು. ಹೂಂ ಅಂದರೆ ಈ ವಾರದಲ್ಲೇ ಮನೆ ಖಾಲಿ.

ಚಾಕು ನಿಲ್ಲಿಸಿ ಕೇಳಿದ: "ನೀವೇನಂತೀರಿ?"

ಅವಳು ತಲೆ ತಗ್ಗಿಸಿ ಹೆಡ್‌ಫೋನಿನ ತಂತಿಯ ಗಂಟು ಬಿಡಿಸತೊಡಗಿದಳು. "ಒಳ್ಳೆ ಅವಕಾಶ," ಎಂದಳು. "ಬಿಡಬೇಡಿ."

ಅವನು ತಲೆಯಾಡಿಸಿ ಮತ್ತೆ ಹೆಚ್ಚತೊಡಗಿದ. ಎಂದೂ ಒಂದೇ ಅಳತೆಗೆ ಬೀಳುತ್ತಿದ್ದ ಹೋಳು ಅವತ್ತು ಒಂದು ದಪ್ಪ, ಒಂದು ತೆಳು. ಬಾತ್‌ರೂಮಿಗೆಂದು ಎದ್ದುಹೋದ ಅವಳು ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ಪಿಸುಗುಟ್ಟಿದಳು. ಅಕ್ಕ ಈ ಸಲ ನಗಲಿಲ್ಲ.

"ನಾನು ಬಂದು ಹೇಳಲೇನೇ, ಇವಳಿಗೆ ಇನ್ನೊಂಚೂರು ಬಡಿಸಿ ಅಂತ?" ಎಂದಳು. "ಎಷ್ಟು ದಿನ ನಿನ್ನ ಪರವಾಗಿ ನಾನೇ ಕೇಳ್ಬೇಕು?"

ಮುಖಕ್ಕೆ ನೀರು ಹಾಕಿಕೊಂಡು ವಾಪಸು ಬಂದಳು. ಹೆಡ್‌ಫೋನ್ ಹಾಕಿಕೊಂಡಳು. ಮೈಕಿನ ಕೆಂಪು ದೀಪ ಹತ್ತಿತು. ಅವನು ಒಲೆ ಹಚ್ಚಿದ.

ಎಣ್ಣೆ ಕಾದು ಹೊಗೆಯಾಡಿತು. ಶುಂಠಿ ಬೆಳ್ಳುಳ್ಳಿ ಬಿದ್ದವು, ಮೊದಲ ಹನಿಗಳು. ಬೀನ್ಸು, ಕ್ಯಾರೆಟ್ಟು ಬಿದ್ದವು, ಮಳೆ ಹಿಡಿಯಿತು. ಫ್ರಿಜ್ಜು ಸುಮ್ಮನಿತ್ತು. ಬೀದಿಯಲ್ಲಿ ಲಾರಿಯಿಲ್ಲ. ಕೋಸು ಬಿದ್ದಾಗ ಹೆಡ್‌ಫೋನಿನಲ್ಲಿ ಸುರಿದ ಆ ಸುರಿತವನ್ನು ಅವಳು ಇಷ್ಟು ವರ್ಷದ ಕೆಲಸದಲ್ಲಿ ಕೇಳಿರಲಿಲ್ಲ. ಎಲ್ಲೋ ತಗಡಿನ ಮಾಡಿನ ಕೆಳಗೆ ಇಬ್ಬರೇ ನಿಂತಿದ್ದಾರೆ, ಸುತ್ತ ಜಗತ್ತೇ ನೀರು ಎಂಬಂಥ ಮಳೆ. ಇದೇ ಟೇಕ್. ಇದು ಮುಗಿದರೆ ಅವಳ ಕೆಲಸ ಮುಗಿಯಿತು. ನಾಳೆಯಿಂದ ಈ ಮನೆಯ ಬೆಲ್ ಒತ್ತಲು ಅವಳಿಗೆ ಕಾರಣವಿಲ್ಲ, ವಾರ ಕಳೆದರೆ ಒತ್ತಿದರೂ ತೆರೆಯಲು ಅವನಿರುವುದಿಲ್ಲ.

ಅವನು ಸಾಸಿನ ಬಟ್ಟಲು ಎತ್ತಿಕೊಂಡು, ಸುರಿಯಲೇ ಎಂದು ಹುಬ್ಬು ಎತ್ತಿದ.

"ಹೋಗಬೇಡಿ," ಎಂದಳು ಶ್ ಮೇಡಂ.

ಹೆಡ್‌ಫೋನಿನಲ್ಲಿ, ಆ ಮಳೆಯ ಮಧ್ಯೆ, ತನ್ನ ಧ್ವನಿ ತನಗೇ ದೊಡ್ಡದಾಗಿ ಕೇಳಿಸಿತು. ಒಳ್ಳೆಯ ಟೇಕ್ ಒಂದನ್ನು ಅವಳು ಬೇಕೆಂದೇ ಹಾಳು ಮಾಡಿದ್ದು ಜೀವನದಲ್ಲಿ ಅದೇ ಮೊದಲು.

ಅವನ ಸೌಟು ನಿಂತಿತು. ಬಟ್ಟಲು ಹಿಡಿದ ಕೈ ಎತ್ತಿದಲ್ಲೇ ಉಳಿಯಿತು. ಬಾಯಿ ತೆರೆದ, ಮೈಕಿನ ಕೆಂಪು ದೀಪ ನೋಡಿದ, ಮುಚ್ಚಿಕೊಂಡ. ಷರತ್ತು ಷರತ್ತೇ. ಅವಳು ಕೈ ಚಾಚಿ ಮೈಕ್ ಆಫ್ ಮಾಡಿ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದಳು.

"ಇನ್ನೊಂದ್ಸಲ ಹೇಳಿ," ಎಂದ ಅವನು. "ಮೆಷಿನ್ ಪಕ್ಕ ಕೂತು ಕೂತು ನನ್ನ ಕಿವಿ ಸ್ವಲ್ಪ ಮಂದ."

"ಸುಳ್ಳು."

"ಸುಳ್ಳೇ. ಆದ್ರೂ ಹೇಳಿ."

"ಹೋಗಬೇಡಿ." ಈ ಸಲ ಅವನ ಕಣ್ಣು ನೋಡಿಯೇ ಹೇಳಿದಳು. "ಅವಕಾಶ ಒಳ್ಳೇದೇ ಇರಬಹುದು. ಆದ್ರೆ ನಂಗೆ ನೀವು ಬೇಕು. ಮಳೆಗಲ್ಲ. ನಂಗೇ ಬೇಕು."

ಅವನು ಸಾಸಿನ ಬಟ್ಟಲನ್ನು ಕೆಳಗಿಟ್ಟ. ಲ್ಯಾಬಿಗೆ ಉತ್ತರ ಹೇಳಲೆಂದು ಬೆಳಗಿನಿಂದ ಫೋನ್ ಹತ್ತಿರ ಹತ್ತು ಸಲ ಹೋಗಿ ಬಂದಿದ್ದನಂತೆ. ಬೇಡ ಅನ್ನುವುದಕ್ಕೆ ಒಂದು ಕಾರಣ ಬೇಕಿತ್ತು, ಕಾರಣ ಗೋಡೆಯ ಆಚೆ ಇತ್ತು, ಆದರೆ ಅದು ಮಾತೇ ಆಡುತ್ತಿರಲಿಲ್ಲ ಎಂದ.

"ಇನ್ನೊಂದು ವಿಷ್ಯ ಹೇಳಿಬಿಡ್ತೀನಿ, ಬೈಬೇಡಿ," ಎಂದ. "ನಾನು ಮೊದಲು ಇದನ್ನ ವಾರಕ್ಕೆ ಒಂದೆರಡು ಸಲ ಮಾಡ್ತಿದ್ದೆ ಅಷ್ಟೆ. ನೀವು ಬಟ್ಟೆ ಹೊತ್ಕೊಂಡು ಬಂದ್ರಲ್ಲ, ಅವತ್ತಿಂದ ದಿನಾ ಮಾಡ್ತಿದೀನಿ. ಸದ್ದು ಕೇಳಿ ಮತ್ತೆ ಬರ್ತೀರೇನೋ ಅಂತ. ದೇವರಾಣೆಗೂ, ಈ ಬೀನ್ಸ್ ಮುಖ ನೋಡಿದ್ರೆ ನಂಗೆ ಅಳು ಬರುತ್ತೆ."

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆಗಲೇ ಇಬ್ಬರ ಮೂಗಿಗೂ ಸೀದ ವಾಸನೆ ಬಡಿದದ್ದು. ಕೋಸು ಕರಕಲಾಗಿತ್ತು, ಕ್ಯಾರೆಟ್ಟು ಮುದ್ದೆಯಾಗಿತ್ತು. ಅವನು ಒಲೆ ಆರಿಸಿ, ತಲೆ ಮೇಲೆ ಕೈ ಹೊತ್ತು, ಇದನ್ನು ತಿನ್ನುವುದಕ್ಕೆ ಹಲ್ಲೇ ಬೇಡ ಎಂದ. ಆದರೂ ಎರಡು ತಟ್ಟೆಗೆ ಹಾಕಿದ. ಮನೆಯಲ್ಲಿ ಬೇರೆ ಏನೂ ಇರಲಿಲ್ಲ. ಮೇಜಿನ ಕೆಳಗೆ ಅವನ ಪಾದ ಅವಳ ಪಾದಕ್ಕೆ ತಗುಲಿತು. ಯಾರೂ ಹಿಂದೆ ಎಳೆದುಕೊಳ್ಳಲಿಲ್ಲ.

ತಟ್ಟೆ ಖಾಲಿಯಾಗುವ ಹೊತ್ತಿಗೆ ಅವಳು ಕಿವಿ ನಿಗುರಿಸಿದಳು. "ಒಲೆ ಆರಿಸಿದ್ರಿ ತಾನೇ?"

"ಆಗ್ಲೇ."

"ಮತ್ತೆ ಬಾಣಲೆ ಇನ್ನೂ ಸದ್ದು ಮಾಡ್ತಿದೆ."

ಅವನು ಎದ್ದು ನೋಡಿದ. ಬಾಣಲೆ ತಣ್ಣಗೆ ಕೂತಿತ್ತು. ಸದ್ದು ಮಾತ್ರ ಇತ್ತು. ಮೊದಲು ನಾಲ್ಕು ದಪ್ಪ ಹನಿ, ಆಮೇಲೆ ಧೋ ಎಂದು ಜೋರು. ಕಿಟಕಿಯಿಂದ ಮಣ್ಣಿನ ವಾಸನೆ ಒಳಗೆ ಬಂತು, ಜೊತೆಗೆ ಒಂದಿಷ್ಟು ಎರಚಲು. ತನ್ನ ಕಿವಿಗೆ ಮತ್ತೆ ಮೋಸವಾಗಿದೆ, ಈ ಸಲ ತಿರುವುಮುರುವಾಗಿ ಎಂದು ಅವಳಿಗೆ ತಿಳಿಯಲು ತುಸು ಹೊತ್ತು ಬೇಕಾಯಿತು.

"ನಿಮ್ಮ ಬಟ್ಟೆ," ಎಂದ ಅವನು ಗಾಬರಿಯಲ್ಲಿ, ಬಾಗಿಲ ಕಡೆ ಹೊರಡುತ್ತ.

"ನೆನೀಲಿ ಬಿಡಿ."

ಅವನು ನಿಂತು ತಿರುಗಿದ. ಅವಳು ಖಾಲಿಯಾದ ತಟ್ಟೆಯನ್ನು ಅವನ ಕಡೆ ಚಾಚಿದ್ದಳು.

"ಇನ್ನೊಂಚೂರು ಬಡಿಸಿ," ಎಂದಳು.