ಅರ್ಧ ಅರಳಿದ ಸೇವಂತಿಗೆ

'ಸಸ್ಯೋದ್ಯಾನ' ಎಂದು ಬರೆಯುತ್ತಿದ್ದ ಅವಳು ಯಕಾರದ ಒತ್ತಿಗೆ ಕುಂಚ ಇಟ್ಟಿದ್ದಳಷ್ಟೆ... ಫಕ್ಕನೆ ದೀಪ ಆರಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೊಣಕಾಲವರೆಗೂ ಮಣ್ಣು, ಕೈ ಇನ್ನೂ ಸ್ವಿಚ್ಚಿನ ಮೇಲೆ.

"ಆರು ಗಂಟೆ ಆದ್ಮೇಲೆ ಇಲ್ಲಿ ದೀಪ ಹಾಕ್ಬೇಡಿ."

ಅಷ್ಟೇ. ಯಾಕೆ, ಏನು ಎಂದು ಹೇಳುವ ಗೋಜಿಗೇ ಹೋಗದೆ ಹೊರಟುಹೋದ.

'ಎಷ್ಟು ಸೊಕ್ಕು ಇವನಿಗೆ...' ಅವಳ ಮೈಯೆಲ್ಲ ಉರಿಯಿತು. ಒತ್ತಕ್ಷರ ಸೊಟ್ಟಗಾಗಿತ್ತು.

ಅವಳು ಅಲ್ಲಿಗೆ ಬಂದು ಎರಡೇ ದಿನವಾಗಿತ್ತು. ಆ ಸಸ್ಯೋದ್ಯಾನದಲ್ಲಿ ಬೇಸಿಗೆಗೆ ಕಳ್ಳಿಗಿಡಗಳ ಪ್ರದರ್ಶನ, ಮಳೆಗಾಲಕ್ಕೆ ಜರೀಗಿಡಗಳದ್ದು, ಚಳಿ ಶುರುವಾಗುತ್ತಿದ್ದಂತೆ ಸೇವಂತಿಗೆಯದ್ದು. ಸೇವಂತಿಗೆ ಪ್ರದರ್ಶನದ ಫಲಕಗಳನ್ನು ಬರೆಯಲು ಅವಳನ್ನು ಕರೆಸಿದ್ದರು. ಎಲ್ಲರ ಬಾಯಲ್ಲೂ ಅವಳು ಆಗಲೇ 'ಬೋರ್ಡ್ ಮೇಡಂ' ಆಗಿಬಿಟ್ಟಿದ್ದಳು. ದೀಪ ಆರಿಸಿದವನು ಸೇವಂತಿಗೆ ಬೆಳೆಸುವ ಮಾಲಿ. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎಂದು ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದರು.

ಅವಳು ಫಲಕ ಬರೆಯುವ ಕೋಣೆಯ ಕಿಟಕಿಯ ಆಚೆಗೇ ಗಾಜಿನ ಮನೆ. ಅದರ ನಡುವೆ ಅವನ ಗಿಡ.

ಒಂದೇ ಗಿಡ, ಒಂದೇ ಬುಡ. ಹನ್ನೊಂದು ತಿಂಗಳಿಂದ ಅದರ ಕುಡಿ ಚಿವುಟಿ, ರೆಂಬೆ ಬಾಗಿಸಿ, ತಂತಿಗೆ ಕಟ್ಟಿ, ದೊಡ್ಡ ಕೊಡೆ ಬಿಚ್ಚಿಟ್ಟ ಹಾಗೆ ಹರಡಿಸಿದ್ದ. ಮುನ್ನೂರು ಮೊಗ್ಗು! ಅಷ್ಟೂ ಪ್ರದರ್ಶನ ಶುರುವಾಗುವ ದಿನ ಒಟ್ಟಿಗೆ ಅರಳಬೇಕು.

ಸಿಟ್ಟಿದ್ದರೂ ಅವಳಿಗೆ ನೋಡದೆ ಇರಲಾಗುತ್ತಿರಲಿಲ್ಲ. ಒಂದೊಂದು ಮೊಗ್ಗನ್ನೂ ಕಟ್ಟುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಎಲೆಯ ಅಡಿಯಲ್ಲಿ ಹುಳ ಕಂಡರೆ ಬೆರಳ ತುದಿಯಲ್ಲಿ ಎತ್ತಿ ಹೊರಗೆ ಬಿಟ್ಟು ಬರುತ್ತಿದ್ದ. 'ಕೈ ಇಷ್ಟು ಮೆತ್ತಗಿರೋನಿಗೆ ಬಾಯಿ ಮಾತ್ರ ಯಾಕೆ ಹಾಗೆ...' ಎಂದು ಅವಳು ಕುಂಚ ಹಿಡಿದುಕೊಂಡೇ ಮೈಮರೆಯುತ್ತಿದ್ದಳು.

ಮನೆಯಲ್ಲಿ ಅತ್ತಿಗೆಯ ಮುಂದೆ ಅವನನ್ನು ಬಾಯಿತುಂಬ ಬೈದುಕೊಂಡಳು. ಅತ್ತಿಗೆ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡು, ಕೊನೆಗೆ ತುಟಿಯಂಚಲ್ಲಿ ನಕ್ಕಳು.

"ಬೈಯೋಕಾದ್ರೂ ದಿನಾ ಅವನ ಸುದ್ದಿನೇ ಬೇಕಲ್ಲ ನಿಂಗೆ."

ಅವಳ ಕೆನ್ನೆ ಬಿಸಿಯಾಯಿತು. ಛೆ, ಹಾಗೇನೂ ಇಲ್ಲ...

ಆದರೆ ನಮ್ಮ ಬೋರ್ಡ್ ಮೇಡಂ ಹಟದಲ್ಲಿ ಯಾರಿಗೂ ಕಡಿಮೆಯಿಲ್ಲ. ಬರೆಯಬೇಕಾದ ಫಲಕಗಳು ಗೋಡೆಗೆ ಒರಗಿಕೊಂಡು ರಾಶಿ ಬಿದ್ದಿದ್ದವು. ಬೆಳಗಿನ ಜಾವಕ್ಕೇ ಬರುವ ಅವನು ಸಂಜೆ ಆರಕ್ಕೆ ಮನೆಗೆ ಹೋಗುತ್ತಿದ್ದ. ಅವನ ಸೈಕಲ್ ಗೇಟು ದಾಟುವುದೇ ತಡ, ಅವಳು ದೀಪ ಹಾಕಿಕೊಂಡು ಎಂಟರವರೆಗೆ ಬರೆಯುತ್ತಿದ್ದಳು. ಹೀಗೆ ಹದಿನೈದು ದಿನ.

ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು. ಗಿಡದ ಆಚೆ ಬದಿಯ ಮೊಗ್ಗುಗಳೆಲ್ಲ ಹಳದಿ ಬಣ್ಣಕ್ಕೆ ತಿರುಗಿದ್ದವು. ಈಚೆ ಬದಿಯವು, ಅವಳ ಕಿಟಕಿಗೆ ಎದುರಾಗಿದ್ದವು, ಇನ್ನೂ ಗಟ್ಟಿ ಹಸಿರು.

ಉದ್ಯಾನದ ನಿರ್ದೇಶಕರು ಬಂದು ನೋಡಿ ಸಿಡಿಮಿಡಿಗೊಂಡರು. ಮುಂದಿನ ವರ್ಷದಿಂದ ಹೂಗಿಡಗಳನ್ನು ಹೊರಗಿನಿಂದಲೇ ತರಿಸೋಣ, ನೀವು ಹುಲ್ಲುಹಾಸು ನೋಡಿಕೊಳ್ಳಿ ಎಂದುಬಿಟ್ಟರು. ಕಿಟಕಿಯ ಈಚೆ ನಿಂತಿದ್ದ ಅವಳಿಗೆ ಎಲ್ಲವೂ ಕೇಳಿಸಿತು. ಮಾಲಿ ಒಂದು ಕ್ಷಣ ತಲೆಯೆತ್ತಿ ಆ ಕಿಟಕಿಯನ್ನು ನೋಡಿದ. ಆಮೇಲೆ, "ನನ್ನ ಅಂದಾಜು ತಪ್ಪಾಯ್ತು ಸರ್," ಎಂದ.

ನಿರ್ದೇಶಕರು ಹೋದ ಮೇಲೆ ಅವಳು ಗಾಜಿನ ಮನೆಗೆ ಓಡಿದಳು. ಒಂದೇ ಗಿಡ ಹೀಗೆ ಎರಡು ಥರ ಯಾಕಾಯಿತು ಎಂದು ಕೇಳಿದಳು.

ಅವನು ಒಂದು ಹಸಿರು ಮೊಗ್ಗನ್ನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದ.

"ಸೇವಂತಿಗೆಗೆ ಉದ್ದದ ಕತ್ತಲು ಬೇಕು. ಸಂಜೆ ಮೇಲೆ ಬೆಳಕು ಬಿದ್ರೆ, ಇನ್ನೂ ಹಗಲು ಅಂದ್ಕೊಂಡು ಅರಳೋದನ್ನ ಮುಂದಕ್ಕೆ ಹಾಕುತ್ತೆ."

ಅವಳಿಗೆ ಈಗ ಹೊಳೆಯಿತು. ಹದಿನೈದು ಸಂಜೆ... ಹನ್ನೊಂದು ತಿಂಗಳ ಅವನ ಕೆಲಸ... ಅದನ್ನು ಹಾಳು ಮಾಡಿದವಳು ತಾನು!

"ಗೊತ್ತಿದ್ದೂ ಅವರಿಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ಕಾರಣ ಹೇಳ್ದೆ ದೀಪ ಆರ್ಸಿ ಹೋದೋನು ನಾನು. ನಿಮ್ಮ ಜಾಗದಲ್ಲಿ ನಾನಿದ್ರೂ ಮತ್ತೆ ಹಾಕ್ತಿದ್ದೆ."

ಅವಳು ಅತ್ತೇಬಿಟ್ಟಳು. ಇಂಥವನನ್ನು ಸೊಕ್ಕಿನವನು ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅತ್ತಿಗೆ ಹೇಳಿದ್ದು ಸುಳ್ಳಲ್ಲ ಎಂಬುದೂ ಆ ಹೊತ್ತಿನಲ್ಲೇ ಗೊತ್ತಾಯಿತು.

ಕಣ್ಣೊರೆಸಿಕೊಂಡು ನೇರ ನಿರ್ದೇಶಕರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಹಣೆ ಒತ್ತಿಕೊಂಡರು. ತಪ್ಪು ಯಾರದಾದರೇನು, ಬಂದ ಜನಕ್ಕೆ ಏನು ಹೇಳುವುದು ಎಂಬುದೇ ಅವರ ಚಿಂತೆ.

"ಅದನ್ನ ನಾನು ಹೇಳ್ತೀನಿ ಸರ್," ಎಂದಳು.

ಪ್ರದರ್ಶನದ ಮೊದಲ ಬೆಳಿಗ್ಗೆ ಗಿಡದ ಮುಂದೆ ಹೊಸ ಫಲಕ ನಿಂತಿತ್ತು.

'ಇದು ಒಂದೇ ಗಿಡ. ಆಚೆ ಬದಿಗೆ ಕತ್ತಲು ಸಿಕ್ಕಿತು, ಅರಳಿದೆ. ಈಚೆ ಬದಿಗೆ ಫಲಕ ಬರೆಯುವವಳು ಹದಿನೈದು ಸಂಜೆ ದೀಪ ಹಾಕಿದಳು, ಅರಳಿಲ್ಲ. ತಪ್ಪು ಅವಳದು. ಹನ್ನೊಂದು ತಿಂಗಳು ಬೆಳೆಸಿದ ಕೈ ಮಾಲಿಯದು. ಉಳಿದರ್ಧ ಮುಂದಿನ ವಾರ ಅರಳುತ್ತದೆ. ಮತ್ತೆ ಬನ್ನಿ.'

ಜನ ಓದಿದರು. ಆಚೆ ಹೋಗಿ ನೂರೈವತ್ತು ಹಳದಿ ಹೂವು ಕಂಡು ಬೆರಗಾದರು, ಈಚೆ ಬಂದು ಮೊಗ್ಗು ನೋಡಿದರು, ಮತ್ತೆ ಆಚೆ ಹೋದರು. ಹೂವೂ ಕತ್ತಲಿಗಾಗಿ ಕಾಯುತ್ತದೆಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮುಂದಿನ ವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಮತ್ತೆ ಬಂದರು. ಗೇಟಿನಾಚೆಗೂ ಸಾಲು ಬೆಳೆಯಿತು. ನಿರ್ದೇಶಕರಂತೂ ತಾವೇ ಕಂಡುಹಿಡಿದವರ ಹಾಗೆ ಅತಿಥಿಗಳಿಗೆ ಕತ್ತಲಿನ ಮಹಿಮೆ ವಿವರಿಸುತ್ತಿದ್ದರು. ಹುಲ್ಲುಹಾಸಿನ ಮಾತು ಮತ್ತೆ ಎತ್ತಲಿಲ್ಲ. ಜರೀಗಿಡಗಳ ಫಲಕವನ್ನೂ ನೀವೇ ಬರೆಯಿರಿ ಎಂದು ಅವಳಿಗೆ ಹೇಳಿದರು.

ಪ್ರದರ್ಶನದ ಕೊನೆಯ ದಿನ ಮಧ್ಯಾಹ್ನ ಅವಳು ಕುಂಚ ತೊಳೆಯುತ್ತಿದ್ದಳು. ಬಾಗಿಲಲ್ಲಿ ಅವನು ಬಂದು ನಿಂತ. ಕೈಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

"ಒಂದು ಮಾತು ಹೇಳ್ಬೇಕಿತ್ತು."

ಅವಳು ಕುಂಚವನ್ನು ನೀರಿನಲ್ಲೇ ಬಿಟ್ಟು ತಿರುಗಿದಳು. "ಹೇಳಿ..."

"ನಂಗೆ ಮಾತು ಬರಲ್ಲ. ಹೇಳಬೇಕಾದ್ದು ಹೇಳ್ದೆ ಅರ್ಧ ಗಿಡ ಕಳ್ಕೊಂಡೆ. ಈಗ್ಲೂ ಹೇಳ್ದೆ ನಿಮ್ಮನ್ನ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ." ಅವನ ಕಿವಿ ಕೆಂಪಾಯಿತು. "ನೀವಂದ್ರೆ ನಂಗೆ ತುಂಬ ಇಷ್ಟ."

ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು.

"ನಂಗೂ..." ಎಂದಳು. ಸ್ವಲ್ಪ ತಡೆದು ಕೇಳಿದಳು, "ಇಷ್ಟೇನಾ?"

"ಇನ್ನೂ ತುಂಬ ಇದೆ. ಬಾಯಿಗೆ ಬರ್ತಾ ಇಲ್ಲ."

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಇದ್ದ ಒಂದೇ ಸ್ಟೂಲನ್ನು ಅವನ ಕಡೆ ಸರಿಸಿದಳು.

"ಕೂತ್ಕೊಳ್ಳಿ. ನಿಧಾನವಾಗಿ ಹೇಳಿ, ನಾನೆಲ್ಲೂ ಹೋಗಲ್ಲ."