ಫಿರಂಗಿ ಬಾವಿಯ ಸಿಹಿನೀರು

“ಫಿರಂಗಿ ಮಹಲು ನೋಡ್ಕೊಂಡು ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿ ಬಾವಿ ನೀರು ಮಾತ್ರ ಬಾಯಿಗಿ ಮುಟ್ಟಿಸಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ” ಎಂದಳು ಲತೀಫಾ.

ಏಕನಾಥ ನಕ್ಕುಬಿಟ್ಟ. ಹುಮನಾಬಾದಿನ ಸುತ್ತಲ ಹಳ್ಳಿಗಳಲ್ಲಿ ಸರ್ಕಾರದ ಬಾವಿಗಳನ್ನು ತೋಡಿಸುವ ಓವರ್‌ಸಿಯರ್ ಅವನು. ಘಾಟಬೋರಾಳದಿಂದ ರಾಜೇಶ್ವರದವರೆಗೆ ಅವನು ಇಳಿಯದ ಬಾವಿಯಿರಲಿಲ್ಲ. ದೆವ್ವ ಹೊಕ್ಕು ನೀರು ಬತ್ತಿದೆ ಎಂದು ಕುರಿ ಕಡಿಯಲು ಬಂದವರ ಎದುರಿಗೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಕಲ್ಲಿಗೆ ಮದ್ದಿಟ್ಟು ಸಿಡಿಸಿ, ಮೂರನೆಯ ದಿನ ನೀರು ತರಿಸಿದವನು.

“ನೀರಿನಾಗ ಮಾಟ ಎಲ್ಲಿಂದ ಬರ್ತದ, ಲತೀಫಾಬಿ? ಉಪ್ಪಿದ್ರ ಉಪ್ಪು, ಸಿಹಿ ಇದ್ರ ಸಿಹಿ. ಅಷ್ಟೇ.”

ಲತೀಫಾ ಹುಮನಾಬಾದಿನ ನೆರೆಯ ಕಲ್ಯಾಣದಲ್ಲಿ ಹುಟ್ಟಿದ ಹೆಣ್ಣು. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡನ ಹಿಂದೆ ಗೋವೆಗೆ ಬಂದು, ಅವನು ತೀರಿಕೊಂಡ ಮೇಲೂ ಅಲ್ಲೇ ಉಳಿದು, ಕಡಲ ದಂಡೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದಳು. ಪೋರ್ಚುಗೀಸ್ ಫಿರಂಗಿಗಳ ಆ ನಾಡಿನಲ್ಲಿ ತಮ್ಮೂರ ಮಾತು ಕಿವಿಗೆ ಬಿದ್ದದ್ದೇ ತಡ, ಏಕನಾಥನ ಹೆಂಡತಿ ಸುಮನಬಾಯಿ ಬೇರೆಲ್ಲೂ ಇಳಿಯುವುದು ಬೇಡವೆಂದಿದ್ದಳು.

ಅದು 1938ರ ಬೇಸಿಗೆಯ ಮೊದಲ ದಿನಗಳು. ಸುಮನಬಾಯಿ ಮುಡಬಿಯ ಕುರಿಗಾರರ ಮನೆಯ ಮಗಳು. ಒಂದು ಕೊಡ ನೀರಿಗೆ ಅರ್ಧ ಹರದಾರಿ ನಡೆದು ಬೆಳೆದವಳು. ದಂಡೆಯೇ ಕಾಣದ ನೀರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಮದುವೆಯಾದ ಹೊಸದರಲ್ಲೇ ಕೇಳಿದ್ದಳು. ಆರು ವರ್ಷದ ಮೇಲೆ ಗಂಡ ಅವಳ ಮಾತು ನಡೆಸಿದ್ದ. ಎರಡು ದಿನವೂ ಅವಳು ಅಲೆಯಂಚಿನಲ್ಲಿ ನಿಂತು ಮಗುವಿನ ಹಾಗೆ ನಕ್ಕಿದ್ದಳು.

ಮೂರನೆಯ ದಿನ ನಡುಮಧ್ಯಾಹ್ನ ಇಬ್ಬರೂ ಮಹಲಿಗೆ ಹೋದರು. ಇನ್ನೂರು ವರ್ಷದ ಹಿಂದೆ ಹಡಗಿನ ಕಪ್ತಾನನೊಬ್ಬ ಕಟ್ಟಿಸಿದ ಕೆಂಪು ಕಲ್ಲಿನ ಮನೆ. ಕಿಟಕಿಗಳಿಗೆ ಗಾಜಿನ ಬದಲು ತೆಳ್ಳನೆಯ ಕಡಲಚಿಪ್ಪು ಕೂರಿಸಿದ್ದರು. ಅದರೊಳಗಿಂದ ಬಂದ ಬಿಸಿಲು ಹಳಸಿದ ಹಾಲಿನ ಬಣ್ಣಕ್ಕೆ ತಿರುಗಿತ್ತು. ಗೋಡೆಯ ನೀಲಿ ಹೆಂಚುಗಳ ಮೇಲೆ ಹಾಯಿಹಡಗುಗಳು. ಬಾವಲಿಗಳ ಹಿಕ್ಕೆಯ ನಾತ, ಹಳೆಯ ಮೇಣದ ನಾತ. ಹಿತ್ತಿಲ ಕಡೆ ನೆಲದೊಳಕ್ಕೆ ಇಳಿಯುವ ಮೆಟ್ಟಿಲುಗಳಿದ್ದವು. ಕೆಳಗೆ ಕತ್ತಲು. ಕತ್ತಲೊಳಗಿಂದ ತಣ್ಣನೆಯ ಗಾಳಿ.

“ಕಡಲು ಇಲ್ಲಿಂದ ಇಪ್ಪತ್ತು ಹೆಜ್ಜಿ. ಇಲ್ಲಿ ಸಿಹಿನೀರು ಇತ್ತಂದ್ರ ಅದು ನೋಡುವಂಥದ್ದು” ಎಂದು ಏಕನಾಥ ಇಳಿಯತೊಡಗಿದ.

“ಬ್ಯಾಡ್ರಿ. ಆಕಿ ಅಷ್ಟು ಹೇಳ್ಯಾಳ.”

“ನೀ ಅಲ್ಲೇ ನಿಂದ್ರು.”

ಹದಿನೆಂಟು ಮೆಟ್ಟಿಲು. ಹತ್ತನೆಯದಕ್ಕೆ ಕಡಲಿನ ಮೊರೆತ ನಿಂತುಹೋಯಿತು. ಹದಿನಾಲ್ಕನೆಯದರ ಪಕ್ಕದ ಗೋಡೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಬಳೆ. ಅದರ ಕೆಳಗಿನ ಕಲ್ಲು ಬೆನ್ನು ಒರಗಿ ಒರಗಿ ಸವೆದಂತೆ ನುಣುಪಾಗಿತ್ತು. ಕೊನೆಯ ಮೆಟ್ಟಿಲಲ್ಲಿ ನೀರು. ಕಪ್ಪಗೆ, ಅಲುಗದೆ. ಅವನು ಬೊಗಸೆಯೊಡ್ಡಿ ಕುಡಿದ. ಜನ್ಮದಲ್ಲಿ ಕುಡಿಯದಷ್ಟು ಸಿಹಿ. ಮತ್ತೊಂದು ಬೊಗಸೆ. ಮೂರನೆಯದಕ್ಕೆ ಬಾಗಿದಾಗ ನೀರಿನಲ್ಲಿ ತನ್ನ ಮುಖ ಕಂಡಿತು. ಅದರ ಪಕ್ಕದಲ್ಲಿ ಇನ್ನೊಂದು.

ಹೆಣ್ಣಿನ ಮುಖ. ಸೀಳಿದ ತುಟಿಗಳು. ಊದಿ ಹೊರಬಂದ ನಾಲಗೆ. ಕಣ್ಣು ಮಾತ್ರ ಅವನ ಬೊಗಸೆಯ ಮೇಲೆ.

ಬೆನ್ನ ಹಿಂದೆ ಉಸಿರು. ಒಣ ಎಲೆ ತಿಕ್ಕಿದಂಥ ಉಸಿರು. ಅವನು ತಿರುಗಿದ. ಯಾರೂ ಇಲ್ಲ. ಮೇಲಿನಿಂದ ಹೆಂಡತಿಯ ಕೂಗು. “ನಿಮ್ಮ ಹಿಂದ ಯಾರು ನಿಂತಾರ್ರಿ?”

ಅವನು ಮೆಟ್ಟಿಲು ಎಣಿಸದೆ ಹತ್ತಿದ. ಮೇಲೆ ಬಂದವನೇ ನಗಲು ನೋಡಿದ. “ಯಾರಿಲ್ಲ, ಕತ್ತಲಿಗಿ ಕಣ್ಣು ಮೋಸ ಮಾಡ್ಯಾವ” ಎಂದ. ನಾಲಗೆ ಅಂಗುಳಕ್ಕೆ ಅಂಟಿ ಮಾತು ತೊದಲಿತು.

ಕೋಣೆಗೆ ಬಂದು ತಂಬಿಗೆಯ ನೀರು ಬಾಯಿಗೆ ಸುರುವಿಕೊಂಡವನು ಅಷ್ಟನ್ನೂ ಉಗುಳಿದ. ಅಪ್ಪಟ ಸಮುದ್ರದ ನೀರು. ಅವನು ಕೆಳಗಿಟ್ಟ ಅದೇ ತಂಬಿಗೆ ಎತ್ತಿ ಸುಮನಬಾಯಿ ಕುಡಿದಳು. ಸಿಹಿಯಾಗಿಯೇ ಇತ್ತು. ಎಳನೀರು ತರಿಸಿದ. ಉಪ್ಪು. ಹಾಲು. ಉಪ್ಪು. ಅವನು ಅರ್ಧಕ್ಕೆ ಬಿಟ್ಟ ಲೋಟ ಬಿಸಿಲಿಗೆ ಒಣಗಿದಾಗ ತಳದಲ್ಲಿ ಬೆಳ್ಳಗೆ ಹರಳು ಕಟ್ಟಿತ್ತು. ಬೆಳಗಾಗುವಷ್ಟರಲ್ಲಿ ತುಟಿಗಳು ಬಿರಿದಿದ್ದವು.

ಸುಮನಬಾಯಿ ಲತೀಫಾಳ ಕೈ ಹಿಡಿದುಕೊಂಡಳು. ಲತೀಫಾ ಅವಳನ್ನು ಕೂರಿಸಿ ಹೇಳಿದಳು.

“ಕಪ್ತಾನ ಹಡಗಿನಾಗ ಆಫ್ರಿಕಾದ ಹಬಶಿ ಜನರನ್ನ ಮಾರಾಕ ತರ್ತಿದ್ನಂತ. ಅದ್ರಾಗ ಒಬ್ಬಾಕಿ ಸಾಯಾಕತ್ತಿದ್ದ ಕೂಸಿಗಿ ಮಾಲಕನ ಹೂಜಿಯಿಂದ ನೀರು ಕೊಟ್ಟಳಂತ. ಅದೇ ಗುನ್ಹೆ. ಬಾವಿ ಮೆಟ್ಟಿಲಮ್ಯಾಲ, ನೀರು ಕಾಣಬೇಕು, ಕೈಗಿ ಸಿಗಬಾರದು, ಹಂಗ ಆಕಿನ್ನ ಕಟ್ಟಿಸಿದ. ಆಕಿಗಿ ಆಕಿ ದೇಶದ ಮಂತ್ರ ಗೊತ್ತಿತ್ತು. ತನ್ನ ರಕ್ತ ನೀರಿಗಿ ಬಿಟ್ಟು ಮಾಟ ಕಟ್ಟಿ ಸತ್ತಳು. ಇದನ್ನ ಕುಡಿದವನಿಗಿ ಲೋಕದ ನೀರೆಲ್ಲಾ ಸಮುದ್ರ.”

“ಬಿಡಸಾಕ ಹಾದಿ ಇಲ್ಲೇನು?” ಸುಮನಬಾಯಿ ಕೇಳಿದಳು.

“ಅದ. ಇಲ್ಲದಿದ್ರ ಚಲೋ ಇತ್ತು.” ಲತೀಫಾ ದನಿ ತಗ್ಗಿಸಿದಳು. “ನೀರಡಿಸಿದವರು ಇವ್ರ ಕೈಯಿಂದ ನೀರು ತಗೊಂಡು ಕುಡಿದ್ರ, ಮಾಟ ಇವ್ರನ್ನ ಬಿಟ್ಟು ಅವ್ರನ್ನ ಹಿಡೀತದ. ಕಪ್ತಾನ ತನ್ನ ಆಳಿಗಿ ಕೊಟ್ಟ. ಆಳು ಅಡಗಿಯವನಿಗಿ ಕೊಟ್ಟ. ಹಿಂಗೇ ಒಬ್ಬರ ಕೈ ನೀರು ಒಬ್ಬರು ಮುಟ್ಟದಂಗಾಗಿ ಆ ಮನಿ ಖಾಲಿ ಆತು. ಯಾರಿಗೂ ಕೊಡದೇ ಸತ್ತವರ ಸಂಗಾಟ ಅದು ತಿರುಗಿ ಬಾವಿಗಿ ಹೋಗ್ತದ.”

“ಥೂ, ಎಲ್ಲಾ ಸುಳ್ಳು” ಎಂದ ಏಕನಾಥ. ಹಾಗೆನ್ನುವಾಗ ಬಿರಿದ ತುಟಿಯಿಂದ ರಕ್ತ ಒಸರಿತು.

ಅವತ್ತೇ ಹೊರಟರು. ಕ್ಯಾಸಲ್‌ರಾಕ್‌ನ ಘಟ್ಟದಲ್ಲಿ ರೈಲು ನಿಂತಾಗ ಝರಿಯೊಂದು ಕಿಟಕಿಯ ಪಕ್ಕದಲ್ಲೇ ಧುಮುಕುತ್ತಿತ್ತು. ಅವನು ಕೈಯೊಡ್ಡಿ ನೆಕ್ಕಿದ. ಉಪ್ಪು. ಹುಬ್ಬಳ್ಳಿಯ ನಲ್ಲಿ, ಗುಲಬರ್ಗಾದ ಸ್ಟೇಷನ್ನಿನ ಮಡಕೆ, ಎಲ್ಲವೂ ಉಪ್ಪು. ಮೂರನೆಯ ದಿನಕ್ಕೆ ಕಣ್ಣು ಗುಳಿಬಿದ್ದವು, ಮೂತ್ರ ನಿಂತಿತು. ಸುಮನಬಾಯಿ ಒದ್ದೆ ಸೆರಗಿನಿಂದ ಅವನ ಹಣೆ ಒರೆಸುತ್ತಲೇ ಇದ್ದಳು. ಸೆರಗು ಒಣಗಿದಲ್ಲೆಲ್ಲ ಬಿಳಿ ಗೆರೆ ಮೂಡುತ್ತಿತ್ತು.

ಹುಮನಾಬಾದಿನಲ್ಲಿ ಮೋಟಾರು ನಿಂತಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಸುಮನಬಾಯಿ ಟ್ರಂಕು ಇಳಿಸಿಕೊಳ್ಳಲು ಗಾಡಿಯ ಹಿಂದಕ್ಕೆ ಹೋದಳು. ಏಕನಾಥ ಬೇವಿನ ಮರದ ಕಟ್ಟೆಗೆ ಕುಸಿದ. ತೊಡೆಯ ಮೇಲೆ ಗುಲಬರ್ಗಾದಲ್ಲಿ ತುಂಬಿಸಿದ ತಂಬಿಗೆ ಇತ್ತು.

“ಮಾವ, ಬಂದ್ರ್ಯಾ? ಇದೇನ್ರಿ, ಹಿಂಗ ಸೊರಗೀರಿ!”

ಹೆಂಡತಿಯ ತಮ್ಮ ಪಂಡರಿ. ಹೆಗಲ ಮೇಲೆ ಕಂಬಳಿ, ಮೊಣಕಾಲಮಟ ಧೂಳು. ಅಕ್ಕ ಇಷ್ಟರಲ್ಲಿ ಬಂದಿರಬಹುದೆಂದು ಮುಡಬಿಯಿಂದ ನಸುಕಿನಲ್ಲೇ ನಡೆದು ಬಂದಿದ್ದ.

“ಹಾದಿಮ್ಯಾಲ ಎಲ್ಲೂ ನೀರು ಸಿಗಲಿಲ್ಲ ಮಾವ. ಜೀವ ಹೋಗಾಕತ್ತದ. ಆ ತಂಬಗಿ ಈಟು ಕೊಡ್ರಿ.”

ಏಕನಾಥ ತಂಬಿಗೆಯತ್ತ ನೋಡಿದ. ಹತ್ತು ಹೆಜ್ಜೆಯಾಚೆ ಬಾವಿಯಿದೆ, ಅಲ್ಲಿಗೆ ಹೋಗು ಎನ್ನಬಹುದಿತ್ತು. ಮಾಟ ಎಂಬುದೇ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಇಲ್ಲವೆಂದಾದರೆ ನೀರು ಕೊಡುವುದರಲ್ಲಿ ತಪ್ಪೇನು? ಮೂರು ದಿನದಿಂದ ಒಂದೊಂದು ಹನಿಗೂ ಸುಳ್ಳಾಗಿದ್ದ ಆ ಮಾತನ್ನು ಆ ಗಳಿಗೆಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ತಂಬಿಗೆ ಚಾಚಿದ.

ಪಂಡರಿ ಗಟಗಟ ಕುಡಿದ. ಎರಡು ಗುಟುಕು. ಮೂರು. ನಾಲ್ಕನೆಯದನ್ನು ಉಗುಳಿ ನಕ್ಕ.

“ಏನ್ ಮಾವ, ನಮಗ ತೋರ್ಸಾಕ ಸಮುದ್ರದ ನೀರೇ ತಂದೀರೇನು?”

ಏಕನಾಥ ಆಗಲೇ ಬಾವಿಯ ಕಡೆ ಓಡುತ್ತಿದ್ದ. ಯಾರದೋ ಕೊಡ ಕಸಿದುಕೊಂಡ. ಬಾಯಿಗಿಟ್ಟ. ಸಿಹಿ. ಸಿಹಿ. ದನದ ಹಾಗೆ ಕುಡಿದ. ಎದೆ ತೊಯ್ದಿತು, ಅಂಗಿ ತೊಯ್ದಿತು, ಕಣ್ಣಲ್ಲಿ ನೀರು ಬಂತು. ತಲೆಯೆತ್ತಿದಾಗ ಸುಮನಬಾಯಿ ನಿಂತಿದ್ದಳು. ಕುಡಿಯುತ್ತಿದ್ದ ಗಂಡನನ್ನು ನೋಡಿದಳು. ಬೇವಿನ ಕೆಳಗೆ ಉಗುಳುತ್ತಿದ್ದ ತಮ್ಮನನ್ನು ನೋಡಿದಳು. ಅವಳ ಕೈಯಿಂದ ಟ್ರಂಕು ಜಾರಿ ಬಿತ್ತು.

ಅವಳು ಅಲ್ಲಿಂದಲೇ ಬಾಡಿಗೆಯ ಗಾಡಿ ಹೊಂದಿಸಿ ತಮ್ಮನ ಜೊತೆಗೆ ಮುಡಬಿಗೆ ಹೋದಳು.

ಪಂಡರಿ ಮೂರು ದಿನ ತಾಳಿದ. ನಾಲ್ಕನೆಯ ದಿನ ಅವನು ಮಾತು ಬಿಟ್ಟಾಗ, ಅವ್ವ ರುಕ್ಮಿಣಿಬಾಯಿ ಹೊರಗೆ ಹೋದ ಹೊತ್ತು ನೋಡಿ ಸುಮನಬಾಯಿ ಬಾಗಿಲು ಮುಂದೆ ಮಾಡಿದಳು. ಅವಳು ಅವತ್ತು ಬೆಳಗಿನಿಂದ ಬೇಕೆಂದೇ ಹನಿ ನೀರು ಮುಟ್ಟಿರಲಿಲ್ಲ. ತಮ್ಮನ ಎರಡೂ ಕೈಗಳ ನಡುವೆ ತಂಬಿಗೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದಕ್ಕೆ ಸುತ್ತಿದಳು. “ಪಂಡರಿ, ಅಕ್ಕನಿಗಿ ನೀರಡಿಕಿ ಆಗ್ಯಾದೋ. ಈಟು ಕುಡಸು.” ಅವನು ಕಣ್ಣು ತೆರೆಯಲಿಲ್ಲ. ಕೈ ಮಾತ್ರ ತಾನಾಗಿ ಮೇಲೆದ್ದಿತು. ಅವಳು ಬಾಯೊಡ್ಡಿದಳು.

ಮೂಲೆಯಲ್ಲಿ ಒಣ ಎಲೆ ತಿಕ್ಕಿದಂಥ ಉಸಿರು ಕೇಳಿಸಿತು.

ಸಂಜೆಗೆ ಪಂಡರಿ ಎದ್ದು ಕೂತು ಒಂದು ಕೊಡ ನೀರು ಕುಡಿದ. ಮಾರನೆಯ ದಿನ ಸುಮನಬಾಯಿ ಹುಮನಾಬಾದಿಗೆ ಬಂದಳು.

ಏಕನಾಥ ಬಾಗಿಲು ತೆರೆದವನು ಅವಳ ತುಟಿ ನೋಡಿದ. ಕೇಳಬೇಕಾದದ್ದು ಏನೂ ಇರಲಿಲ್ಲ. ಒಂದು ದಿನವೆಲ್ಲ ಹೊರಗೇ ಅಲೆದ. ಎರಡನೆಯ ದಿನ ತಂಬಿಗೆ ತುಂಬಿ ತಂದು ಅವಳ ಚಾಪೆಯ ಪಕ್ಕ ಮಂಡಿಯೂರಿದ.

“ಸುಮನ, ನನಗ ಕೊಡು. ನಿನ್ನ ಕೈಯಿಂದ ಕೊಡು. ನಾ ಮುಂಜಾನಿಂದ ಏನೂ ಕುಡದಿಲ್ಲ.”

ಅವಳು ತಂಬಿಗೆ ಕೈಗೆ ತೆಗೆದುಕೊಂಡಳು. ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

“ನಿಮಗ ಕೊಟ್ರ” ಎಂದಳು, ಒಂದೊಂದು ಮಾತಿಗೂ ನಿಂತು, “ನಾಳಿ ನೀವು ಇನ್ನೊಬ್ರಿಗಿ ಕೊಡ್ತೀರಿ.”

“ಇಲ್ಲ. ಆಣಿ ಮಾಡ್ತೀನಿ. ಇಲ್ಲ ಸುಮನ.”

ಅವಳು ತಂಬಿಗೆಯನ್ನು ನೆಲಕ್ಕೆ ಬೋರಲು ಮಾಡಿದಳು. ನೀರು ಹರಿದು ಅವನ ಮೊಣಕಾಲು ತೋಯಿಸಿತು. ಅವನು ಮತ್ತೆ ತುಂಬಿ ತಂದ. ಮತ್ತೆ ಚೆಲ್ಲಿದಳು. ಅವಳ ಕೈಗೆ ಬಲವಿಲ್ಲದಂತಾದಾಗ ಬೆರಳುಗಳನ್ನು ತಾನೇ ಹಿಡಿದು ತಂಬಿಗೆಗೆ ಸುತ್ತಬಹುದಿತ್ತು. ಅವಳು ತಮ್ಮನಿಗೆ ಮಾಡಿದ್ದು ಅದನ್ನೇ. ಅವನು ಎರಡು ಸಲ ಆ ಬೆರಳುಗಳನ್ನು ಮುಟ್ಟಿದ. ಬಾವಿಯೊಳಗೆ ಕಂಡ ಆ ನಾಲಗೆ ನೆನಪಾಯಿತು. ಎರಡು ಸಲವೂ ಕೈ ಹಿಂದಕ್ಕೆ ಬಂತು.

ಐದನೆಯ ದಿನ ಹಾಡುಹಗಲಲ್ಲಿ, ತುಂಬಿದ ಕೊಡಗಳ ನಡುವೆ ಸುಮನಬಾಯಿ ತೀರಿಕೊಂಡಳು. ಮೈ ತೊಳೆದ ಹೆಂಗಸರು ಹೊರಗೆ ಬಂದು ತಮ್ಮ ಅಂಗೈಗೆ ಅಂಟಿದ ಉಪ್ಪು ನೋಡಿಕೊಂಡರು. ಬಚ್ಚಲ ಕಲ್ಲಿನ ಮೇಲೆ ಹರಿದ ನೀರು ಒಣಗಿದಲ್ಲೆಲ್ಲ ಸುಣ್ಣ ಬಳಿದಂತೆ ಬಿಳುಪು. ಆ ಬಿಳುಪನ್ನು ನಾಯಿಯೂ ನೆಕ್ಕಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಪಂಡರಿ ಕಟ್ಟೆಯ ಮೇಲೆ ಏಕನಾಥನ ಎದುರಿಗೆ ಕೂತ. ಅವನಿಗೆ ಅಕ್ಕ ಏನೂ ಹೇಳಿರಲಿಲ್ಲ. ಆದರೆ ಜಡ್ಡಿನಲ್ಲಿ ಬಿದ್ದಾಗ ಅಕ್ಕ ನೀರು ಕೇಳಿದ್ದು ಕಿವಿಗೆ ಬಿದ್ದಿತ್ತು. ತನ್ನ ಕೈ ತಾನಾಗಿ ಮೇಲೆದ್ದದ್ದೂ ನೆನಪಿತ್ತು.

“ಮಾವ, ಒಂದು ಮಾತು ಕೇಳ್ತೀನಿ. ಖರೇ ಹೇಳ್ರಿ. ಅವತ್ತು ತಂಬಗಿ ನನ್ನ ಕೈಗಿ ಕೊಟ್ಟಾಗ ನಿಮಗ ಗೊತ್ತಿತ್ತೇನು?”

ಏಕನಾಥ ತಲೆಯೆತ್ತಿದ. ಮಾಟ ಎಂಬುದು ಇಲ್ಲ ಎಂದು ಹೇಳಲು ಬಾಯಿ ತೆರೆದ.

“ಗೊತ್ತಿತ್ತು” ಎಂದ ಏಕನಾಥ.

ಪಂಡರಿ ಎದ್ದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಹೊಡೆಯಲಿಲ್ಲ, ಬಯ್ಯಲಿಲ್ಲ. ಮುಡಬಿಯ ಹಾದಿ ಹಿಡಿದು, ತಿರುಗಿ ನೋಡದೆ ನಡೆದುಹೋದ.